ಸಕಾಲದ ಕಾಣಿಕೆ: ಅಂಗಾಂಗ ಕಸಿಯ ಚರಿತ್ರೆಯಿಂದ ಒಂದು ಪಾಠ



ನವೆಂಬರ್ ತಿಂಗಳು ಬಂತೆಂದರೆ ನಾವು ಸಮಾಧಿಭೂಮಿಗೆ ತೆರಳುತ್ತೇವೆ. ಅಗಲಿದ ಹಿರಿಯರ ಸಮಾಧಿಯ ಸುತ್ತ ಬೆಳೆದ ಕಳೆ ಕಿತ್ತು, ಹೂವಿರಿಸಿ, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಸಾವಿನಲ್ಲಿ ಎಲ್ಲವೂ ಮುಗಿದುಹೋಗುವುದಿಲ್ಲ ಎಂಬುದು ನಮ್ಮ ವಿಶ್ವಾಸ. ಈ ವಿಶ್ವಾಸವುಳ್ಳ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮೃತನ ದೇಹದಲ್ಲಿ ಇನ್ನೊಬ್ಬರನ್ನು ಬದುಕಿಸಬಲ್ಲ ಅಂಗ ಉಳಿದಿದ್ದರೆ, ಅದು ಸುಸ್ಥಿತಿಯಲ್ಲಿ, ಸಕಾಲದಲ್ಲಿ ರೋಗಿಯನ್ನು ತಲುಪುವುದು ಯಾರಿಂದ? ಶಸ್ತ್ರವೈದ್ಯರಿಂದ ಎನ್ನುವುದು ಸುಲಭದ ಉತ್ತರ. ಚರಿತ್ರೆಯನ್ನು ನೋಡಿದರೆ ಆ ಉತ್ತರ ಸಾಲದು.

1933ರ ಏಪ್ರಿಲ್‌ನಲ್ಲಿ, ಇಂದಿನ ಉಕ್ರೇನ್ ದೇಶದ ಖೆರ್ಸೋನ್ ನಗರದಲ್ಲಿ, ಯೂರಿ ವೊರೊನೊಯ್ ಎಂಬ ಶಸ್ತ್ರವೈದ್ಯರು ಮೃತ ವ್ಯಕ್ತಿಯ ಮೂತ್ರಪಿಂಡವನ್ನು ರೋಗಿಯೊಬ್ಬಳಿಗೆ ಜೋಡಿಸಿದರು. ಮನುಷ್ಯನಿಂದ ಮನುಷ್ಯನಿಗೆ ನಡೆದ ಮೊದಲ ಮೂತ್ರಪಿಂಡ ಕಸಿ ಅದು. ಆದರೆ ದಾನಿ ಸತ್ತು ಸುಮಾರು ಆರು ಗಂಟೆಗಳು ಕಳೆದಿದ್ದವು. ರಕ್ತದ ಗುಂಪೂ ಹೊಂದಿರಲಿಲ್ಲ. ಎರಡು ದಿನಗಳಲ್ಲಿ ರೋಗಿ ತೀರಿಕೊಂಡಳು. ವೈದ್ಯರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೈಗೆ ಬಂದ ಅಂಗವೇ ಸೊರಗಿತ್ತು, ಹೊಂದಿಕೆಯಿಲ್ಲದ್ದಾಗಿತ್ತು.

ಇಪ್ಪತ್ತೊಂದು ವರ್ಷಗಳ ತರುವಾಯ, 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಜಯ ಕಂಡರು. ಮೂತ್ರಪಿಂಡಗಳು ಸೋತಿದ್ದ ರಿಚರ್ಡ್ ಹೆರಿಕ್‌ಗೆ ಅವನ ಅವಳಿ ಸೋದರ ರೊನಾಲ್ಡ್ ತನ್ನದೊಂದನ್ನು ಕೊಟ್ಟ. ಒಂದೇ ಪಿಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಾದ್ದರಿಂದ ದೇಹವು ಆ ಅಂಗವನ್ನು ಪರಕೀಯವೆಂದು ತಳ್ಳಲಿಲ್ಲ. ಆರೋಗ್ಯವಂತನೊಬ್ಬನ ದೇಹಕ್ಕೆ ಕತ್ತಿ ಹಾಕುವುದು ಸರಿಯೇ ಎಂಬ ಅಳುಕಿನಿಂದ ವೈದ್ಯರು ಮುಂಚಿತವಾಗಿ ಬೇರೆಬೇರೆ ಪಂಗಡಗಳ ಧರ್ಮಗುರುಗಳ ಸಲಹೆಯನ್ನೂ ಪಡೆದಿದ್ದರು. ರಿಚರ್ಡ್ ಮದುವೆಯಾಗಿ, ತಂದೆಯಾಗಿ, ಎಂಟು ವರ್ಷ ಬದುಕಿದ. ಕೊಟ್ಟ ರೊನಾಲ್ಡ್ 2010ರವರೆಗೂ ಇದ್ದ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ತದ್ರೂಪಿ ಅವಳಿ ಎಷ್ಟು ರೋಗಿಗಳಿಗಿದ್ದಾರು? ಅತ್ಯುತ್ತಮವಾದ ಅಂಗ ಅತ್ಯಂತ ವಿರಳವೂ ಆಗಿತ್ತು. ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಗಳು ಬಂದ ಮೇಲೆ, 1962ರಲ್ಲಿ ಮರ್ರೆ ಅವರೇ ಮೃತ ದಾನಿಯ ಮೂತ್ರಪಿಂಡವನ್ನು ಕಸಿಮಾಡಿ ಯಶಸ್ಸು ಪಡೆದರು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಹೃದಯವನ್ನೇ ಬದಲಾಯಿಸಿದರು. ಆ ರೋಗಿ ಹದಿನೆಂಟು ದಿನ ಬದುಕಿದ್ದರು.

ಈ ಹಂತದಲ್ಲಿ ಗಂಭೀರವಾದ ನೈತಿಕ ಪ್ರಶ್ನೆ ಎದುರಾಯಿತು. ಮನುಷ್ಯ ಸತ್ತನೆಂದು ಹೇಳುವುದು ಯಾವಾಗ? ರಕ್ತಸಂಚಾರ ನಿಂತ ಗಳಿಗೆಯಿಂದಲೇ ಅಂಗಗಳು ಕೆಡತೊಡಗುತ್ತವೆ. ಹಾಗೆಂದು ಅಂಗಕ್ಕಾಗಿ ಯಾರ ಸಾವನ್ನೂ ಅವಸರಪಡಿಸುವಂತಿಲ್ಲ. 1957ರಲ್ಲಿಯೇ ಜಗದ್ಗುರು ಹನ್ನೆರಡನೇ ಪಿಯುಸರು, ಮರಣದ ಕ್ಷಣವನ್ನು ನಿರ್ಧರಿಸುವುದು ವೈದ್ಯರ ಹೊಣೆಯೆಂದು ತಿಳಿಸಿದ್ದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಮರಣದ ಲಕ್ಷಣಗಳನ್ನು ವಿವರಿಸಿತು. ಮಿದುಳು ಮರಳಿ ಬಾರದಂತೆ ನಿಂತ ಮೇಲೂ, ಯಂತ್ರದ ಉಸಿರಿನಿಂದ ಕೆಲಕಾಲ ರಕ್ತಸಂಚಾರವನ್ನು ಕಾಯ್ದುಕೊಳ್ಳಬಹುದು. ಹೀಗೆ ಕಾಯ್ದ ಅಂಗ ಸುಸ್ಥಿತಿಯಲ್ಲಿ ದೊರೆಯುತ್ತದೆ. 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಕಸಿತಜ್ಞರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಎರಡನೇ ಜಾನ್ ಪೌಲರು, ಕಟ್ಟುನಿಟ್ಟಾಗಿ ಪಾಲಿಸಿದಲ್ಲಿ ಈ ಮಾನದಂಡವು ನೀತಿಗೆ ವಿರುದ್ಧವಲ್ಲವೆಂದೂ, ಆದರೆ ಅಂಗದ ವ್ಯಾಪಾರ ಸಲ್ಲದೆಂದೂ, ದಾನಿಯ ಒಪ್ಪಿಗೆ ಅಗತ್ಯವೆಂದೂ ಸ್ಪಷ್ಟಪಡಿಸಿದರು.

ದೇಹದಿಂದ ತೆಗೆದ ಅಂಗಕ್ಕೂ ಅದರದೇ ಆಯುಸ್ಸಿದೆ. ಶೀತಲ ದ್ರಾವಣದಲ್ಲಿರಿಸಿದರೂ ಹೃದಯ ಸುಮಾರು ನಾಲ್ಕು ಗಂಟೆ, ಯಕೃತ್ತು ಹನ್ನೆರಡು ಗಂಟೆ, ಮೂತ್ರಪಿಂಡ ಒಂದು ದಿನ ಅಥವಾ ತುಸು ಹೆಚ್ಚು ಕಾಲ ಮಾತ್ರ ಬಾಳುತ್ತವೆ. ಆಂಬುಲೆನ್ಸ್ ಸಾಗಲೆಂದು ಪೊಲೀಸರು ರಸ್ತೆ ತೆರವುಗೊಳಿಸುವುದನ್ನು ನೀವು ಕಂಡಿರಬಹುದು. ಆ ಧಾವಂತದ ಕಾರಣ ಇದೇ.

ಇನ್ನು, ಎಲ್ಲ ಅಂಗಗಳೂ ಒಂದೇ ಗುಣದವಲ್ಲ. ಅಮೆರಿಕದಲ್ಲಿ 2002ರಲ್ಲಿ ಒಂದು ವಿಂಗಡಣೆ ಜಾರಿಗೆ ಬಂತು. ಅರವತ್ತು ದಾಟಿದ ದಾನಿಗಳ, ಅಥವಾ ಐವತ್ತು ದಾಟಿ ರಕ್ತದೊತ್ತಡದಂಥ ತೊಂದರೆಗಳಿದ್ದ ದಾನಿಗಳ ಮೂತ್ರಪಿಂಡಗಳನ್ನು ಬೇರೆಯಾಗಿ ಗುರುತಿಸಲಾಯಿತು. ಅವು ವಿಫಲವಾಗುವ ಅಪಾಯ ಉತ್ತಮ ಅಂಗಗಳಿಗಿಂತ ಶೇಕಡ 70ರಷ್ಟು ಅಧಿಕ. ಹಾಗಿದ್ದರೆ ಅವುಗಳನ್ನು ಬಿಸಾಡಬೇಕೇ? ಬೇಡ. ಡಯಾಲಿಸಿಸ್‌ನಲ್ಲಿಯೇ ಕಾಯುತ್ತ ಉಳಿದವರಿಗೆ ಹೋಲಿಸಿದರೆ, ಇಂಥ ಅಂಗ ಪಡೆದವರಲ್ಲಿ ಅನೇಕರು, ಅದರಲ್ಲೂ ವಯಸ್ಸಾದ ರೋಗಿಗಳು, ಹೆಚ್ಚು ಕಾಲ ಬದುಕಿದರು. ಸ್ಪೇನ್ ದೇಶ ಈ ಪಾಠವನ್ನು ಚೆನ್ನಾಗಿ ಕಲಿಯಿತು. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆಯನ್ನು ಕಟ್ಟಿ, ಶೋಕತಪ್ತ ಕುಟುಂಬಗಳೊಡನೆ ಮಾತನಾಡುವ ತರಬೇತಿ ಪಡೆದ ವೈದ್ಯರನ್ನು ಆಸ್ಪತ್ರೆಗಳಲ್ಲಿ ನೇಮಿಸಿತು. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ಹತ್ತು ಲಕ್ಷ ಜನರಿಗೆ ನಲವತ್ತಕ್ಕೂ ಹೆಚ್ಚು ಮೃತ ದಾನಿಗಳು. ಅವರಲ್ಲಿ ಅರ್ಧಕ್ಕಿಂತ ಅಧಿಕ ಮಂದಿ ಅರವತ್ತು ದಾಟಿದವರು. ಐದು ರೊಟ್ಟಿ, ಎರಡು ಮೀನು ತಂದ ಬಾಲಕನನ್ನು ನೆನೆಯಿರಿ. ಇದಿಷ್ಟರಿಂದ ಏನಾದೀತೆಂದು ಪ್ರಭು ಯೇಸು ಅದನ್ನು ಹಿಂದಿರುಗಿಸಲಿಲ್ಲ.

ನಮ್ಮ ದೇಶದ ಸ್ಥಿತಿ ಏನು? ಕ್ರೈಸ್ತ ಸೇವಾಭಾವದಿಂದ ಹುಟ್ಟಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ಬಡವರ ಮೂತ್ರಪಿಂಡಗಳು ಮಾರಾಟವಾಗುತ್ತಿದ್ದ ಕಳಂಕವನ್ನು ತೊಡೆಯಲು 1994ರಲ್ಲಿ ಕಾನೂನು ಬಂತು. ಮಿದುಳಿನ ಮರಣಕ್ಕೂ ಅದು ಮಾನ್ಯತೆ ನೀಡಿತು. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢೀಕರಿಸಬೇಕೆಂಬುದು ನಿಯಮ. ಆದರೂ 2023ರಲ್ಲಿ ಇಡೀ ದೇಶದಲ್ಲಿ ದೊರೆತ ಮೃತ ದಾನಿಗಳು ಸುಮಾರು 1,100 ಮಂದಿ, ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬರೂ ಇಲ್ಲ. ಆ ವರ್ಷ ನಡೆದ 18,000ಕ್ಕೂ ಮಿಕ್ಕ ಕಸಿಗಳಲ್ಲಿ ಬಹುಪಾಲು ಅಂಗಗಳನ್ನು ಕೊಟ್ಟವರು ಬದುಕಿರುವ ಬಂಧುಗಳು. ಅವರಲ್ಲಿಯೂ ಹೆಚ್ಚಿನವರು ತಾಯಂದಿರು, ಮಡದಿಯರು. ಸತ್ತವರಿಂದ ಬಾರದುದನ್ನು ನಾವು ಬದುಕಿರುವ ಹೆಣ್ಣುಮಕ್ಕಳಿಂದ ಪಡೆಯುತ್ತಿದ್ದೇವೆ.

ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಅಲ್ಲಿ ಹೆಸರು ನೋಂದಾಯಿಸಿದರೂ, ಕೊನೆಗೆ ಕುಟುಂಬದವರ ಒಪ್ಪಿಗೆ ಬೇಕೇ ಬೇಕು. ತೀವ್ರ ನಿಗಾ ಘಟಕದ ಬಾಗಿಲಲ್ಲಿ, ಸಿಡಿಲು ಬಡಿದಂತೆ ನಿಂತ ತಂದೆಗೆ, ಪತ್ನಿಗೆ ಆ ಪ್ರಶ್ನೆ ಕೇಳಲಾಗುತ್ತದೆ. ಮೊದಲ ಬಾರಿಗೆ ಆಗಲೇ ಕೇಳಿಸಿಕೊಂಡವರು ಉತ್ತರಿಸಲಾಗದೆ ತತ್ತರಿಸಿದರೆ ಅದು ಅವರ ತಪ್ಪಲ್ಲ. ಮನೆಯಲ್ಲಿ ಮೊದಲೇ ಮಾತಾಗಿದ್ದರೆ ಹೊರೆ ಹಗುರವಾಗುತ್ತದೆ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ ರಾಜ್‌ಕುಮಾರ್ 2021ರಲ್ಲಿ ಹಠಾತ್ತನೆ ಅಗಲಿದಾಗ, ನಾಡೇ ಶೋಕದಲ್ಲಿ ಮುಳುಗಿದ್ದರೂ ಕಣ್ಣುಗಳು ಸಕಾಲದಲ್ಲಿ ದಾನವಾದವು. ಆ ಮನೆಯಲ್ಲಿ ನೇತ್ರದಾನದ ನಿರ್ಧಾರ ಮೊದಲೇ ಆಗಿತ್ತು.

ಅಂಗವಿಲ್ಲದ ದೇಹ ಪುನರುತ್ಥಾನದ ದಿನ ಊನವಾಗಿ ಏಳುವುದೇ ಎಂದು ಅಳುಕುವ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರನ್ನು ಹಳಿಯಬೇಡಿ. ಕಡಲಲ್ಲಿ ಮುಳುಗಿದವರನ್ನೂ, ಬೆಂಕಿಯಲ್ಲಿ ಬೆಂದ ರಕ್ತಸಾಕ್ಷಿಗಳನ್ನೂ ಎಬ್ಬಿಸುವ ದೇವರಿಗೆ ಇದು ಅಸಾಧ್ಯವಲ್ಲವೆಂದು ಪ್ರೀತಿಯಿಂದ ತಿಳಿಸಿರಿ. ಶಸ್ತ್ರಕ್ರಿಯೆ ಮುಗಿದ ಮೇಲೆ ದೇಹವನ್ನು ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ, ಅಂತ್ಯಸಂಸ್ಕಾರಕ್ಕೆ ಅಡ್ಡಿಯಿಲ್ಲ.

ಖೆರ್ಸೋನಿನಲ್ಲಿ ಕಳೆದುಹೋದ ಆರು ಗಂಟೆಗಳನ್ನು ಇಂದಿನ ವೈದ್ಯವಿಜ್ಞಾನ ಬಹುಮಟ್ಟಿಗೆ ಗೆದ್ದಿದೆ. ಮನೆಯವರು ತೀರ್ಮಾನಕ್ಕಾಗಿ ತಡಕಾಡುವ ಗಂಟೆಗಳನ್ನು ಮಾತ್ರ ಯಾವ ಯಂತ್ರವೂ ಗೆಲ್ಲಲಾರದು. ಈ ತಿಂಗಳು ಸಮಾಧಿಭೂಮಿಯಿಂದ ಮರಳಿದ ಸಂಜೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಕೂಡಿರುವಾಗ ಈ ಮಾತನ್ನೊಮ್ಮೆ ಎತ್ತಿರಿ. ನಿಮ್ಮ ಇಚ್ಛೆಯನ್ನು ತಿಳಿಸಿರಿ, ಮಕ್ಕಳ ಮನಸ್ಸನ್ನು ಕೇಳಿರಿ. ಎಂದೋ ಒಂದು ದಿನ, ಎಲ್ಲೋ ಒಂದು ಆಸ್ಪತ್ರೆಯಲ್ಲಿ ಕಾದಿರುವ ಅಪರಿಚಿತರೊಬ್ಬರ ಪಾಲಿಗೆ ಆ ಸಂಜೆಯ ಮಾತೇ ಸಕಾಲದ ಕಾಣಿಕೆಯಾದೀತು.