ವಿವಿಯಾನಿಯ ಸಂಶಯವೂ ಗೆಲಿಲಿಯೋವಿನ ಉಪಪತ್ತಿಯೂ

ಗೆಲಿಲಿಯೋ ಲೋಲಕದ ನಿಯಮವನ್ನು ಕಂಡುಕೊಂಡ ಬಗೆಯನ್ನು ಕುರಿತು ಒಂದು ಕಥೆ ಸರ್ವತ್ರ ಪ್ರಸಿದ್ಧವಾಗಿದೆ. ಪೀಸಾ ನಗರದ ಪ್ರಧಾನ ಕ್ರೈಸ್ತದೇವಾಲಯದಲ್ಲಿ ತೂಗಾಡುತ್ತಿದ್ದ ದೀಪವನ್ನು ನೋಡಿ, ತೂಗಾಟದ ಹರವು ಕುಗ್ಗಿದರೂ ಅದಕ್ಕೆ ಹಿಡಿಯುವ ಕಾಲವು ಕುಗ್ಗುವುದಿಲ್ಲವೆಂದು ಆ ತರುಣ ವಿದ್ಯಾರ್ಥಿಯು ನಿಶ್ಚಯಿಸಿದನೆಂಬುದೇ ಆ ಕಥೆ. ಅದೇ ನಗರದ ಗೋಪುರದ ಮೇಲಿನಿಂದ ಹೆಚ್ಚುಕಡಮೆ ತೂಕದ ವಸ್ತುಗಳನ್ನು ಕೆಡವಿ ಅವು ಸಮವೇಗದಿಂದ ಬೀಳುವುವೆಂದು ತೋರಿಸಿದನೆಂಬುದು ಇದರ ಜೊತೆಯ ಕಥೆ. ಇವೆರಡಕ್ಕೂ ಮೂಲಾಧಾರವು ಒಂದೇ; ಗೆಲಿಲಿಯೋವಿನ ಕಡೆಯ ಶಿಷ್ಯರಲ್ಲೊಬ್ಬನಾದ ವಿಂಚೆಂಜೋ ವಿವಿಯಾನಿಯು ಬರೆದ ಗುರುಚರಿತ್ರೆ. ಆದರೆ ಈ ವಿವಿಯಾನಿಯೇ, ಕಲಿಯುತ್ತಿದ್ದ ಕಾಲದಲ್ಲಿ, ಗುರುವಿನ ಗ್ರಂಥದಲ್ಲಿದ್ದ ಒಂದು ಕೊರತೆಯನ್ನು ಎತ್ತಿ ತೋರಿಸಿ ಅದನ್ನು ತುಂಬಿಸಿದವನು. ಒಬ್ಬನೇ ಶಿಷ್ಯನಿಂದ ನಮಗೆ ಬಂದಿರುವ ಈ ಎರಡು ಬಗೆಯ ಸಂಪತ್ತಿನ ಬೆಲೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿವಿಯಾನಿಯು ಫ್ಲಾರೆನ್ಸ್ ನಗರದಲ್ಲಿ ೧೬೨೨ರಲ್ಲಿ ಜನಿಸಿದನು. ೧೬೩೩ರಲ್ಲಿ ರೋಮಿನ ಧರ್ಮವಿಚಾರಣೆಯ ಶಿಕ್ಷೆಗೆ ಗುರಿಯಾದ ಗೆಲಿಲಿಯೋ ಆಗ ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿಯ ಮನೆಯಲ್ಲಿ ಬಂಧಿಯಾಗಿದ್ದನು. ಅವನ ಕೊನೆಯ ಮಹಾಗ್ರಂಥವಾದ 'ಎರಡು ನೂತನ ಶಾಸ್ತ್ರಗಳು' ೧೬೩೮ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಗ್ರಂಥಕರ್ತನ ಕಣ್ಣುಗಳೆರಡೂ ಕುರುಡಾಗಿದ್ದುವು. ೧೬೩೯ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ವಿವಿಯಾನಿಯು ಆ ಮನೆಗೆ ಶಿಷ್ಯನಾಗಿ ಬಂದು, ೧೬೪೨ರ ಜನವರಿಯಲ್ಲಿ ಗುರುವು ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು.

ಅವನು ವ್ಯಾಸಂಗ ಮಾಡಿದ ಗ್ರಂಥದಲ್ಲಿ ಗುರುತ್ವವೂ ಕಂಪನವೂ ಒಂದೇ ನೂಲಿನಲ್ಲಿ ಕೋದಂತಿವೆ. ಸಂವಾದದ ಮೊದಲನೆಯ ದಿನದಲ್ಲಿ ಲೋಲಕದ ವಿಚಾರ ಬರುತ್ತದೆ. ನೂಲಿನ ಉದ್ದವು ನಾಲ್ಮಡಿಯಾದರೆ ತೂಗಾಟದ ಕಾಲವು ಇಮ್ಮಡಿಯಾಗುವುದು. ಅಲ್ಲಿಂದ ಮಾತು ವಾದ್ಯದ ತಂತಿಗೆ ಹೊರಳುತ್ತದೆ. ಶ್ರುತಿಯನ್ನು ಒಂದು ಸ್ಥಾಯಿ ಏರಿಸಬೇಕಾದರೆ ತಂತಿಯ ಉದ್ದವನ್ನು ಅರ್ಧಕ್ಕಿಳಿಸಬೇಕು, ಇಲ್ಲವೇ ಅದನ್ನು ಎಳೆಯುವ ಭಾರವನ್ನು ನಾಲ್ಮಡಿಸಬೇಕು. ಭಾರವನ್ನು ಕುರಿತ ಈ ನಿಯಮವನ್ನು ಗೆಲಿಲಿಯೋವಿನ ತಂದೆಯಾದ ಸಂಗೀತಶಾಸ್ತ್ರಜ್ಞ ವಿಂಚೆಂಜೋ ಗೆಲಿಲಿಯು ಮೊದಲೇ ತಿಳಿದಿದ್ದನು. ನೀರಿನಲ್ಲಿ ನಿಲ್ಲಿಸಿದ ಗಾಜಿನ ಬಟ್ಟಲಿನ ಅಂಚನ್ನು ಬೆರಳಿನಿಂದುಜ್ಜಿ ನಾದವೆಬ್ಬಿಸಿದಾಗ ನೀರಿನಲ್ಲಿ ಸಣ್ಣ ಅಲೆಗಳೇಳುವುವೆಂದೂ, ನಾದವು ಒಂದು ಸ್ಥಾಯಿ ಮೇಲೇರಿದಾಗ ಪ್ರತಿಯೊಂದು ಅಲೆಯೂ ಎರಡಾಗಿ ಒಡೆಯುವುದೆಂದೂ ಅಲ್ಲಿ ಹೇಳಿದೆ. ಹೀಗೆ ಕಿವಿಗೆ ಮಾತ್ರ ಗೋಚರವಾಗಿದ್ದ ಶ್ರುತಿಭೇದವು ಕಣ್ಣಿಗೆ ಕಾಣುವ ಅಲೆಗಳ ಗಣನೆಯಾಯಿತು.

ಮೂರನೆಯ ದಿನದಲ್ಲಿ ಬೀಳುವ ವಸ್ತುಗಳ ವಿಚಾರ. ಇಲ್ಲಿ ಗೆಲಿಲಿಯೋ ಒಂದು ಮಾತನ್ನು ಸಾಧಿಸದೆ ಗೃಹೀತವಾಗಿ ಸ್ವೀಕರಿಸಿದ್ದನು. ಎತ್ತರವು ಒಂದೇ ಆಗಿದ್ದರೆ, ಇಳಿಜಾರು ಕಡಿದಾಗಿರಲಿ ಮಂದವಾಗಿರಲಿ, ಉರುಳಿಬಂದ ಗುಂಡು ತಳದಲ್ಲಿ ಪಡೆದಿರುವ ವೇಗವು ಒಂದೇ ಎಂಬುದೇ ಆ ಗೃಹೀತ. ಇದನ್ನು ಬೆಂಬಲಿಸಲು ಅವನು ಮತ್ತೆ ಲೋಲಕದ ಸಹಾಯವನ್ನೇ ಪಡೆದನು. ಎರಡು ಮೂರು ಮೊಳದ ನೂಲಿಗೆ ಸೀಸದ ಗುಂಡನ್ನು ಕಟ್ಟಿ ಗೋಡೆಯ ಪಕ್ಕದಲ್ಲಿ ತೂಗಬಿಟ್ಟರೆ, ಅದು ಎಷ್ಟು ಎತ್ತರದಿಂದ ಇಳಿಯಿತೋ ಆಚೆಯ ಕಡೆ ಹೆಚ್ಚುಕಡಮೆ ಅಷ್ಟೇ ಎತ್ತರಕ್ಕೆ ಏರುತ್ತದೆ. ನೂಲಿನ ದಾರಿಯಲ್ಲಿ ಗೋಡೆಗೆ ಒಂದು ಮೊಳೆಯನ್ನು ಹೊಡೆದರೆ ನೂಲು ಅದಕ್ಕೆ ತಗುಲಿ ಗುಂಡು ಕಿರಿದಾದ ಕಂಸದಲ್ಲಿ ಏರಬೇಕಾಗುತ್ತದೆ. ಆದರೂ ಅದು ಮುಟ್ಟುವ ಮಟ್ಟವು ಮೊದಲಿನದೇ. ಆದುದರಿಂದ ವೇಗವು ದಾರಿಯನ್ನಲ್ಲ, ಎತ್ತರವನ್ನು ಅವಲಂಬಿಸಿದೆ ಎಂದು ಊಹಿಸಬಹುದು. ಆದರೆ ಕಂಸದಲ್ಲಿ ಕಂಡದ್ದನ್ನು ನೇರವಾದ ಇಳಿಜಾರಿಗೆ ಅನ್ವಯಿಸುವುದು ಊಹೆಯೇ ಹೊರತು ಉಪಪತ್ತಿಯಲ್ಲ.

ತರುಣ ವಿವಿಯಾನಿಯು ನಿಂತದ್ದು ಇಲ್ಲಿಯೇ. ಇಳಿಜಾರುಗಳನ್ನು ಕುರಿತ ಪ್ರಮೇಯಗಳಲ್ಲಿ ಮುಖ್ಯವಾದುವುಗಳಿಗೆ ಈ ಒಂದು ಗೃಹೀತವೇ ತಳಹದಿಯಾಗಿರುವಾಗ, ಅದಕ್ಕೆ ಇನ್ನೂ ಸ್ಪಷ್ಟವಾದ ಸಾಧನೆ ಬೇಡವೇ ಎಂದು ಅವನು ಗುರುವನ್ನು ಪ್ರಶ್ನಿಸಿದನು. ಆ ರಾತ್ರಿ ನಿದ್ರೆ ಬಾರದೆ ಮಲಗಿದ್ದ ಗುರುವು ಮನಸ್ಸಿನಲ್ಲಿಯೇ ಉಪಪತ್ತಿಯನ್ನು ರಚಿಸಿದನೆಂದು ಶಿಷ್ಯನು ಹೇಳಿದ್ದಾನೆ. ಅದರ ಸಾರವಿದು: ಇಳಿಜಾರಿನ ಮೇಲೆ ವಸ್ತುವನ್ನು ಕೆಳಕ್ಕೆ ಎಳೆಯುವ ಬಲಕ್ಕೂ ಅದು ನೇರವಾಗಿ ಬೀಳುವಾಗಿನ ಬಲಕ್ಕೂ ಇರುವ ಪ್ರಮಾಣವು, ಇಳಿಜಾರಿನ ಎತ್ತರಕ್ಕೂ ಉದ್ದಕ್ಕೂ ಇರುವ ಪ್ರಮಾಣವೇ ಆಗಿದೆ. ದಾರಿ ಎಷ್ಟು ಮಡಿ ಉದ್ದವಾಗುವುದೋ ಬಲವು ಅಷ್ಟು ಮಡಿ ಕುಗ್ಗುವುದರಿಂದ, ಕಡೆಯಲ್ಲಿ ದೊರೆಯುವ ವೇಗವು ಸಮವಾಗುತ್ತದೆ. ೧೬೩೯ರ ಡಿಸೆಂಬರಿನಲ್ಲಿ ಗೆಲಿಲಿಯೋ ತನ್ನ ಹಳೆಯ ಶಿಷ್ಯನಾದ ಕಾಸ್ತೆಲ್ಲಿಗೆ ಬರೆಯಿಸಿದ ಪತ್ರದಲ್ಲಿ, ತನ್ನ ಮನೆಯಲ್ಲಿರುವ ಈ ತರುಣನ ಆಕ್ಷೇಪಗಳೇ ಇದಕ್ಕೆ ಕಾರಣವೆಂದು ಒಪ್ಪಿಕೊಂಡಿದ್ದಾನೆ. ೧೬೫೬ರಲ್ಲಿ ಬೊಲೋನ್ಯದಲ್ಲಿ ಅಚ್ಚಾದ ಆವೃತ್ತಿಯಲ್ಲಿ ಈ ಉಪಪತ್ತಿಯು ಸೇರಿತು.

ಇನ್ನು ದೀಪದ ಕಥೆ. ವಿವಿಯಾನಿಯು ಗುರುಚರಿತ್ರೆಯನ್ನು ಬರೆದದ್ದು ೧೬೫೪ರಲ್ಲಿ. ಅದು ಪ್ರಕಟವಾದದ್ದು ೧೭೧೭ರಲ್ಲಿ. ದೀಪದ ಪ್ರಸಂಗವನ್ನು ಅವನು ೧೫೮೩ಕ್ಕೆ ಹೇಳುತ್ತಾನೆ. ಎಂದರೆ ಎಪ್ಪತ್ತು ವರ್ಷಗಳ ಹಿಂದಿನದು. ಇಂದು ಪೀಸಾದಲ್ಲಿ ಗೆಲಿಲಿಯೋವಿನ ದೀಪವೆಂದು ತೋರಿಸುವ ದೀಪವನ್ನು ತೂಗಹಾಕಿದ್ದು ೧೫೮೭ರಲ್ಲಿ. ಗೆಲಿಲಿಯೋ ಪದವಿಯಿಲ್ಲದೆ ಆ ವಿದ್ಯಾಪೀಠವನ್ನು ಬಿಟ್ಟದ್ದು ೧೫೮೫ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಬೇರೊಂದು ದೀಪವಿದ್ದಿರಬಹುದೆಂಬುದು ನಿಜ. ಆದರೂ ಲೋಲಕದ ಕಾಲಸಮತೆಯನ್ನು ಗೆಲಿಲಿಯೋ ಲಿಖಿತವಾಗಿ ಪ್ರಸ್ತಾಪಿಸಿರುವುದು ೧೬೦೨ರಲ್ಲಿ ಗ್ವಿದೊಬಾಲ್ದೋವಿಗೆ ಬರೆದ ಪತ್ರದಲ್ಲಿ. ಗೋಪುರದ ಪ್ರಯೋಗವು ಬೋಧಕರ ಮತ್ತು ವಿದ್ಯಾರ್ಥಿಗಳೆಲ್ಲರ ಸಮ್ಮುಖದಲ್ಲಿ ನಡೆಯಿತೆಂದು ಹೇಳಿದ್ದರೂ ಅದಕ್ಕೆ ಸಮಕಾಲೀನ ಸಾಕ್ಷ್ಯವು ದೊರೆತಿಲ್ಲ. ಇಳಿಜಾರಿನ ಸಂಶಯಕ್ಕಾದರೋ ಗುರುವಿನ ಪತ್ರವೇ ಸಾಕ್ಷಿ. ದೀಪಕ್ಕೆ ಶಿಷ್ಯನ ಭಕ್ತಿಯೊಂದೇ ಸಾಕ್ಷಿ.

ಶಾಸ್ತ್ರದ ದೃಷ್ಟಿಯಿಂದಲೂ ಈ ಭೇದವು ಗಮನಾರ್ಹವಾಗಿದೆ. ತೂಗಾಟವು ವಿಶಾಲವಾಗಿರಲಿ ಕಿರಿದಾಗಿರಲಿ ಕಾಲವು ಒಂದೇ ಎಂಬ ಗುರುವಾಕ್ಯವನ್ನು ಗುರುಚರಿತ್ರೆಯು ಹಾಗೆಯೇ ಅನುವಾದಿಸುತ್ತದೆ. ಸಣ್ಣ ತೂಗಾಟಗಳಲ್ಲಿ ಇದು ಬಹುಮಟ್ಟಿಗೆ ಸತ್ಯ. ಆದರೆ ಲಂಬದಿಂದ ೯೦ ಅಂಶದವರೆಗೆ ಎಳೆದು ಬಿಟ್ಟ ಲೋಲಕಕ್ಕೆ ಸಣ್ಣ ತೂಗಾಟಕ್ಕಿಂತ ನೂರಕ್ಕೆ ಸುಮಾರು ೧೮ರಷ್ಟು ಹೆಚ್ಚು ಕಾಲ ಹಿಡಿಯುತ್ತದೆ. ನಿಜವಾದ ಕಾಲಸಮತೆ ವೃತ್ತದ ಕಂಸದಲ್ಲಿಲ್ಲ, ಚಕ್ರಜವೆಂಬ ಬೇರೊಂದು ವಕ್ರರೇಖೆಯಲ್ಲಿದೆಯೆಂದು ಹೈಗೆನ್ಸನು ೧೬೭೩ರ ತನ್ನ ಗ್ರಂಥದಲ್ಲಿ ಸಾಧಿಸಿದನು. ಶಿಷ್ಯನು ಸಂಶಯಪಟ್ಟ ಸ್ಥಳದಲ್ಲಿ ಗುರುವಿನ ಶಾಸ್ತ್ರವು ದೃಢವಾಯಿತು. ಅವನು ನಂಬಿ ಸುಮ್ಮನಾದ ಸ್ಥಳದಲ್ಲಿ ತಿದ್ದುಪಡಿಯು ಪರದೇಶದಿಂದ ಬರಬೇಕಾಯಿತು.

ಇಷ್ಟರಿಂದ ವಿವಿಯಾನಿಯ ಭಕ್ತಿಯನ್ನು ನಿರರ್ಥಕವೆಂದು ತಳ್ಳುವುದು ನ್ಯಾಯವಲ್ಲ. ೧೬೪೪ರಲ್ಲಿ ಟಾರಿಚೆಲ್ಲಿಯ ವಾಯುಭಾರದ ಪ್ರಯೋಗದಲ್ಲಿ ಅವನು ಸಹಾಯಕನಾಗಿದ್ದನು. ಮುಂದೆ ಬೊರೆಲ್ಲಿಯೊಡನೆ ಸೇರಿ, ತೋಪಿನ ಬೆಳಕು ಕಂಡುದಕ್ಕೂ ಸದ್ದು ಕೇಳಿದುದಕ್ಕೂ ನಡುವಣ ಕಾಲವನ್ನಳೆದು, ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೫೦ ಮೀಟರಿನಷ್ಟೆಂದು ಗಣಿಸಿದನು. ಇದಕ್ಕೆ ಹಿಂದೆ ಗಾಸ್ಸೆಂದಿಯು ಕೊಟ್ಟಿದ್ದ ಲೆಕ್ಕವು ಸುಮಾರು ೪೭೮ ಮೀಟರು; ಸಾಧಾರಣ ಹವೆಯಲ್ಲಿ ಈಗಿನ ನಿರ್ಣಯವು ಸುಮಾರು ೩೪೦. ಗುರುವಿನ ಹಸ್ತಪ್ರತಿಗಳನ್ನು ಕೂಡಿಸಿ ಕಾಪಾಡಿದವನೂ ಅವನೇ. ೧೭೦೩ರಲ್ಲಿ ಅವನು ಮೃತನಾದನು. ಗುರುವಿಗೆ ತಕ್ಕ ಸಮಾಧಿಯನ್ನು ಕಟ್ಟಿಸಬೇಕೆಂಬ ಅವನ ಆಸೆಯು ೧೭೩೭ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದಲ್ಲಿ ನೆರವೇರಿತು. ಗುರುವಿನ ಅಸ್ಥಿಗಳೊಡನೆ ಶಿಷ್ಯನ ಅಸ್ಥಿಗಳನ್ನೂ ಅಲ್ಲಿಯೇ ಇರಿಸಲಾಯಿತು.

ಚರಿತ್ರೆಯನ್ನು ಬೋಧಿಸುವವರು ದೀಪದ ಕಥೆಯನ್ನು ಕಥೆಯೆಂದೇ ಹೇಳಿ, ಆರ್ಚೆತ್ರಿಯ ಮನೆಯಲ್ಲಿ ನಡೆದ ಪ್ರಶ್ನೋತ್ತರವನ್ನು ಅದರ ಪಕ್ಕದಲ್ಲಿರಿಸುವುದು ಉಚಿತ. ವಿದ್ಯಾರ್ಥಿಯೊಬ್ಬನು ಶಾಸ್ತ್ರಕ್ಕೆ ಏನನ್ನು ಸಲ್ಲಿಸಬಲ್ಲನೆಂಬುದಕ್ಕೆ ಪತ್ರಾಧಾರವುಳ್ಳ ನಿದರ್ಶನವು ಅದೇ ಆಗಿದೆ.