ಮರಗೆಲಸದ ಲೇತ್‌ನ ಚಕ್ ಅಡಾಪ್ಟರ್

ಚಕ್ ಅಡಾಪ್ಟರ್ ಎಂದರೆ ಮರಗೆಲಸದ ಲೇತ್‌ನ ಸ್ಪಿಂಡಲ್ ಮತ್ತು ಅದರ ಅಳತೆಗೆ ಹೊಂದದ ಚಕ್ ಇವೆರಡರ ನಡುವೆ ಕೂಡಿಸುವ ಉಕ್ಕಿನ ಬಿಡಿಭಾಗ. ಇದರ ಒಂದು ತಿರುಪು ಸ್ಪಿಂಡಲ್‌ಗೂ ಇನ್ನೊಂದು ತಿರುಪು ಚಕ್‌ಗೂ ಹೊಂದಿಕೊಳ್ಳುತ್ತದೆ. ಹಳೆಯ ಲೇತ್ ಮಾರಿ ಹೊಸದನ್ನು ಕೊಂಡವರು ತಮ್ಮಲ್ಲಿರುವ ಚಕ್‌ಗಳನ್ನು ಮೂಲೆಗೆ ಹಾಕದೆ ಹೊಸ ಯಂತ್ರದಲ್ಲಿ ಬಳಸಲು ಇದನ್ನು ಆಶ್ರಯಿಸುತ್ತಾರೆ. ನೋಟಕ್ಕೆ ಇದು ಸರಳ ವಸ್ತು. ಆದರೆ ವೇಗವಾಗಿ ತಿರುಗುವ ಎರಡು ಮೂರು ಕಿಲೋಗ್ರಾಂ ತೂಕದ ಚಕ್ಕನ್ನೂ ಅದು ಹಿಡಿದಿರುವ ಮರವನ್ನೂ ಇದೇ ಹೊರಬೇಕಾಗಿರುವುದರಿಂದ, ಆಯ್ಕೆಯಲ್ಲಾಗುವ ಸಣ್ಣ ತಪ್ಪು ಕೆಲಸವನ್ನು ಕೆಡಿಸುತ್ತದೆ; ಕೆಲವೊಮ್ಮೆ ಕೆಲಸಗಾರನಿಗೇ ಪೆಟ್ಟಾಗುತ್ತದೆ.

ಹಿನ್ನೆಲೆ

ಚನ್ನಪಟ್ಟಣದ ಗೊಂಬೆಗಳ ಮೂಲಕ ಕನ್ನಡಿಗರಿಗೆ ಪರಿಚಿತವಾದ ಲೇತ್‌ನಲ್ಲಿ ಮರದ ತುಂಡು ತನ್ನ ಅಕ್ಷದ ಸುತ್ತ ತಿರುಗುತ್ತದೆ; ಕೆಲಸಗಾರನು ಹಿಡಿದ ಉಳಿ ಅದನ್ನು ಕಡೆಯುತ್ತದೆ. ಆಧುನಿಕ ಲೇತ್‌ನಲ್ಲಿ ಮರವನ್ನು ತಿರುಗಿಸುವ ದಂಡವೇ ಸ್ಪಿಂಡಲ್. ಹೆಡ್‌ಸ್ಟಾಕ್‌ನಿಂದ ಹೊರಚಾಚಿದ ಅದರ ತುದಿಯಲ್ಲಿ ತಿರುಪು, ಅಂದರೆ ಥ್ರೆಡ್, ಇರುತ್ತದೆ. ಥ್ರೆಡ್‌ನ ಹಿಂದೆ ದಂಡಕ್ಕೆ ಲಂಬವಾಗಿ ನಿಂತ ಸಮತಟ್ಟಾದ ಉಂಗುರದಂತಹ ಭಾಗವನ್ನು ಭುಜ ಎನ್ನಬಹುದು. ಚಕ್ ಈ ಥ್ರೆಡ್ ಮೇಲೆ ತಿರುಗಿ ಬಂದು ಭುಜಕ್ಕೆ ಒತ್ತಿ ಕೂರುತ್ತದೆ. ಬಟ್ಟಲು, ಡಬ್ಬಿ ಮುಂತಾದವನ್ನು ಕಡೆಯಲು ಹೆಚ್ಚಾಗಿ ನಾಲ್ಕು ದವಡೆಗಳ ಚಕ್ ಬಳಕೆಯಲ್ಲಿದೆ. ಅದರೊಳಗಿನ ಸುರುಳಿ ಫಲಕವನ್ನು ಕೀಲಿಯಿಂದ ತಿರುಗಿಸಿದಾಗ ನಾಲ್ಕೂ ದವಡೆಗಳು ಒಟ್ಟಿಗೆ ಸರಿದು ಮರವನ್ನು ನಡುವಿಗೆ ತಂದು ಹಿಡಿಯುತ್ತವೆ.

ತೊಡಕಿರುವುದು ಸ್ಪಿಂಡಲ್ ತುದಿಗೆ ಲೋಕವೆಲ್ಲ ಒಪ್ಪಿದ ಒಂದೇ ಅಳತೆ ಇಲ್ಲದಿರುವುದರಲ್ಲಿ. ಅಮೆರಿಕದ ಸಣ್ಣ ಲೇತ್‌ಗಳಲ್ಲಿ 1 ಅಂಗುಲ ವ್ಯಾಸ ಮತ್ತು ಅಂಗುಲಕ್ಕೆ 8 ಸುತ್ತಿನ ಥ್ರೆಡ್ ಸಾಮಾನ್ಯ. ಪವರ್‌ಮ್ಯಾಟಿಕ್ 3520ರಂತಹ ದೊಡ್ಡ ಯಂತ್ರಗಳಲ್ಲಿ 1¼ ಅಂಗುಲ, 8 ಸುತ್ತು. ಯುರೋಪಿನಲ್ಲಿ 33 ಮಿ.ಮೀ. ವ್ಯಾಸ, 3.5 ಮಿ.ಮೀ. ಅಂತರದ ಥ್ರೆಡ್ ಹರಡಿದೆ. ಆಸ್ಟ್ರೇಲಿಯಾದ ಹಲವು ಯಂತ್ರಗಳಲ್ಲಿ ಅಂತರ ಅಷ್ಟೇ, ವ್ಯಾಸ ಮಾತ್ರ 30 ಮಿ.ಮೀ. ಇಂಗ್ಲೆಂಡಿನ ಹಳೆಯ ಯಂತ್ರಗಳದು ಇನ್ನೊಂದು ಬಗೆ: ಮೈಫರ್ಡ್ ಎಂಎಲ್8ರಲ್ಲಿ 1 ಅಂಗುಲಕ್ಕೆ 12 ಸುತ್ತು, ಯೂನಿಯನ್ ಗ್ರಾಜುಯೇಟ್‌ನಲ್ಲಿ 1½ ಅಂಗುಲಕ್ಕೆ 6 ಸುತ್ತು, ರೆಕಾರ್ಡ್‌ನ ಸಣ್ಣ ಲೇತ್‌ಗಳಲ್ಲಿ ¾ ಅಂಗುಲಕ್ಕೆ 16 ಸುತ್ತು.

ಅಳತೆ ಗುರುತಿಸುವುದು

ವ್ಯಾಸವೊಂದನ್ನೇ ಅಳೆದು ಚಕ್ ಅಥವಾ ಅಡಾಪ್ಟರ್ ಕೊಳ್ಳುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಮೈಫರ್ಡ್‌ನ ಸ್ಪಿಂಡಲ್ ಕೂಡ 1 ಅಂಗುಲದ್ದೇ, ಅಮೆರಿಕದ ಸಣ್ಣ ಲೇತ್‌ನದೂ 1 ಅಂಗುಲದ್ದೇ. ಆದರೂ ಒಂದರ ಚಕ್ ಇನ್ನೊಂದಕ್ಕೆ ಹತ್ತದು. ಆದ್ದರಿಂದ ವ್ಯಾಸ, ಥ್ರೆಡ್‌ನ ಅಂತರ ಮತ್ತು ಥ್ರೆಡ್ ಬಲಕ್ಕೆ ತಿರುಗುತ್ತದೋ ಎಡಕ್ಕೋ ಎಂಬ ಮೂರೂ ತಿಳಿದಿರಬೇಕು.

ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಥ್ರೆಡ್‌ನ ಏಣುಗಳ ಮೇಲೆ ಅಳೆಯಲಾಗುತ್ತದೆ. ಏಣುಗಳು ಸ್ವಲ್ಪ ಸವೆದಿರುವುದರಿಂದಲೂ, ಅವನ್ನು ತಯಾರಿಕೆಯಲ್ಲೇ ತುಸು ಕಡಿಮೆ ಇಟ್ಟಿರುವುದರಿಂದಲೂ, 25.4 ಮಿ.ಮೀ. ಇರಬೇಕಾದದ್ದು 25.2 ಎಂದು ತೋರಿದರೆ ಗಾಬರಿಯಾಗಬೇಕಿಲ್ಲ. ಅಂತರ ತಿಳಿಯಲು ಥ್ರೆಡ್ ಗೇಜ್ ಉತ್ತಮ ಸಾಧನ. ಅದಿಲ್ಲದವರು ಒಂದು ಏಣಿನಿಂದ ತೊಡಗಿ ಐದು ಅಂತರಗಳ ಉದ್ದವನ್ನು ಅಳೆಯಬಹುದು: 17.5 ಮಿ.ಮೀ. ಬಂದರೆ ಅದು 3.5 ಮಿ.ಮೀ. ಥ್ರೆಡ್, 15.9ರ ಸಮೀಪ ಬಂದರೆ ಅಂಗುಲಕ್ಕೆ 8 ಸುತ್ತಿನದು.

1¼ ಅಂಗುಲವೆಂದರೆ 31.75 ಮಿ.ಮೀ. ಇದು 33 ಮಿ.ಮೀ.ಗೆ ತೀರ ಹತ್ತಿರವಾದುದರಿಂದ, 33 ಮಿ.ಮೀ. ಚಕ್ಕನ್ನು 1¼ ಅಂಗುಲದ ಸ್ಪಿಂಡಲ್‌ಗೆ ಇಟ್ಟು ತಿರುಗಿಸಿದರೆ ಒಂದೆರಡು ಸುತ್ತು ಹತ್ತಿದಂತೆ ತೋರಬಹುದು. ಮುಂದೆ ಬಿಗಿದುಕೊಂಡಾಗ ಅದು ಕುಳಿತಿತೆಂದು ಭಾವಿಸಿ ಯಂತ್ರ ಚಾಲೂ ಮಾಡುವುದು ಅಪಾಯಕರ. ಚಕ್ ಭುಜವನ್ನೇ ಮುಟ್ಟಿರುವುದಿಲ್ಲ, ಏಣುಗಳೂ ಹಾಳಾಗುತ್ತವೆ. ಸರಿಯಾದ ಚಕ್ ಕೈಯಿಂದಲೇ ಹಗುರವಾಗಿ ಭುಜದವರೆಗೂ ತಿರುಗಿ ಹೋಗಬೇಕು.

ಅಂಗಡಿಯಲ್ಲಿ ಸಿಗುವ ನಟ್ಟನ್ನು ಹಚ್ಚಿ ಪರೀಕ್ಷಿಸುವವರೂ ಇದ್ದಾರೆ. 1 ಅಂಗುಲದ ಸಾಮಾನ್ಯ ಒರಟು ಥ್ರೆಡ್ ನಟ್‌ಗೆ 8 ಸುತ್ತೇ ಇರುವುದರಿಂದ ಅಲ್ಲಿ ಈ ಉಪಾಯ ಫಲಿಸುತ್ತದೆ. 1¼ ಅಂಗುಲದಲ್ಲಿ ಫಲಿಸದು. ಆ ಗಾತ್ರದ ಒರಟು ಥ್ರೆಡ್‌ಗೆ ಅಂಗುಲಕ್ಕೆ 7 ಸುತ್ತು, ಲೇತ್‌ಗೆ 8. ಅಡಾಪ್ಟರ್ ಮಾಡಿಸಲು ವರ್ಕ್‌ಷಾಪ್‌ಗೆ ಹೋಗುವವರು ಇದನ್ನು ಬರೆದೇ ಕೊಡುವುದು ಒಳ್ಳೆಯದು.

ಹೊಂದಿಸುವ ವಿಧಾನಗಳು

ಮೊದಲು ನೋಡಬೇಕಾದುದು ಅಡಾಪ್ಟರ್ ಅಲ್ಲ, ಚಕ್‌ನ ಹಿಂಬದಿ. ನ್ಯೂಜಿಲೆಂಡಿನ ಟೆಕ್ನಾಟೂಲ್ ಸಂಸ್ಥೆಯ ನೋವಾ, ಆಸ್ಟ್ರೇಲಿಯಾದ ವಿಕ್‌ಮಾರ್ಕ್, ಕೆನಡಾದ ಒನ್‌ವೇ ಮೊದಲಾದವರ ಹಲವು ಚಕ್‌ಗಳಲ್ಲಿ ಥ್ರೆಡ್ ಚಕ್‌ನ ಮೈಯಲ್ಲಿ ಇರುವುದಿಲ್ಲ. ಬಿಚ್ಚಿ ಬದಲಿಸಬಹುದಾದ ಒಳತುಂಡಿನಲ್ಲಿ, ಅಂದರೆ ಇನ್ಸರ್ಟ್‌ನಲ್ಲಿ, ಇರುತ್ತದೆ. ಅಂತಹ ಚಕ್‌ಗೆ ಹೊಸ ಸ್ಪಿಂಡಲ್‌ನ ಇನ್ಸರ್ಟ್ ಕೊಂಡು ಹಾಕಿದರೆ ಮುಗಿಯಿತು. ಹಾಗೆ ಮಾಡಿದಾಗ ಚಕ್ ಸ್ಪಿಂಡಲ್‌ನಿಂದ ಹೆಚ್ಚು ದೂರ ಸರಿಯುವುದಿಲ್ಲವಾದ್ದರಿಂದ ಇದೇ ಎಲ್ಲಕ್ಕಿಂತ ಮೇಲಾದ ದಾರಿ.

ಇನ್ಸರ್ಟ್ ಇಲ್ಲದೆ ನೇರ ಥ್ರೆಡ್ ಇರುವ ಚಕ್‌ಗಳಿಗೆ ಅಡಾಪ್ಟರ್ ಬೇಕು. ಸ್ಪಿಂಡಲ್ ಸಣ್ಣದು, ಚಕ್‌ನ ರಂಧ್ರ ದೊಡ್ಡದು ಎಂದಾದರೆ ಅಡಾಪ್ಟರ್ ಒಂದು ತೋಳಿನಂತೆ ಸ್ಪಿಂಡಲನ್ನು ಸುತ್ತಿಕೊಳ್ಳುತ್ತದೆ, ಉದ್ದ ಹೆಚ್ಚಾಗುವುದಿಲ್ಲ. ಆದರೆ ಗೋಡೆಯ ದಪ್ಪವನ್ನು ಗಮನಿಸಬೇಕು. 1 ಅಂಗುಲದಿಂದ 1¼ ಅಂಗುಲಕ್ಕೆ ಏರಿಸುವಾಗ ಒಳಗಿನ ಮತ್ತು ಹೊರಗಿನ ಥ್ರೆಡ್‌ಗಳ ಆಳವನ್ನು ಕಳೆದರೆ ನಡುವೆ ಉಳಿಯುವ ಉಕ್ಕು ಸುಮಾರು 1.2 ಮಿ.ಮೀ. ಮಾತ್ರ. ಹಗುರ ಲೋಹದಲ್ಲಿ ಇದನ್ನು ಮಾಡಿಸುವುದು ಜಾಣತನವಲ್ಲ. ಸ್ಪಿಂಡಲ್ ದೊಡ್ಡದಾಗಿ ಚಕ್ ಸಣ್ಣದಾದಾಗ ಸ್ಥಿತಿ ತಿರುಗುಮುರುಗು: ಅಡಾಪ್ಟರ್ ಸ್ಪಿಂಡಲ್ ತುದಿಯಿಂದಾಚೆಗೆ ಚಾಚಿ, ಅಲ್ಲಿ ಚಕ್‌ನ ಥ್ರೆಡ್ ಆರಂಭವಾಗುತ್ತದೆ. ಭಾರ ಬೇರಿಂಗ್‌ನಿಂದ ದೂರ ಸರಿದಷ್ಟೂ ಕಂಪನ ಹೆಚ್ಚು. ದೊಡ್ಡ ಬಟ್ಟಲು ಕಡೆಯುವವರಿಗೆ ಈ ಎರಡನೆಯ ಬಗೆ ತೃಪ್ತಿ ಕೊಡದು. ಪೆನ್ನು, ಬುಗುರಿ, ಸಣ್ಣ ಡಬ್ಬಿಗಳಿಗೆ ಅಡ್ಡಿಯಿಲ್ಲ.

ಚಕ್‌ನ ರಂಧ್ರ ಸಣ್ಣದಾಗಿದ್ದು ಅದರ ಮೈಯಲ್ಲಿ ಸಾಕಷ್ಟು ಉಕ್ಕಿದ್ದರೆ, ಅದನ್ನು ಲೋಹದ ಲೇತ್‌ನಲ್ಲಿ ಕೊರೆಸಿ ಹೊಸ ಥ್ರೆಡ್ ಹಾಕಿಸುವುದೂ ಉಂಟು. ಒಮ್ಮೆ ಕೊರೆದ ಮೇಲೆ ಹಳೆಯ ಲೇತ್‌ಗೆ ಮರಳುವಂತಿಲ್ಲ. ಸ್ಪಿಂಡಲ್ ಒಳಗಿನ ಮೋರ್ಸ್ ಟೇಪರ್ ರಂಧ್ರಕ್ಕೆ ಥ್ರೆಡ್ ಇರುವ ತುಂಡನ್ನು ತೂರಿಸಿ ಚಕ್ ಕೂಡಿಸುವ ಕ್ರಮವೂ ಇದೆ. ಟೇಪರ್ ಸಡಿಲವಾಗಿ ಹೊರಬರದಂತೆ ಹಿಂದಿನಿಂದ ಉದ್ದನೆಯ ಬೋಲ್ಟ್ ಹಾಕಿ ಎಳೆದು ಕಟ್ಟಲೇಬೇಕು. ಆಗಲೂ ಅದು ಹಗುರ ಕೆಲಸಕ್ಕೆ ಮಾತ್ರ.

ನಿಖರತೆ

ಚಕ್ಕನ್ನು ನಡುವಿಗೆ ತಂದು ನಿಲ್ಲಿಸುವುದು ಥ್ರೆಡ್ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಥ್ರೆಡ್ ಎಳೆದು ಹಿಡಿಯುತ್ತದೆ ಅಷ್ಟೇ. ಚಕ್ಕನ್ನು ನೇರವಾಗಿ ನಿಲ್ಲಿಸುವುದು ಭುಜ. ಆದುದರಿಂದ ಅಡಾಪ್ಟರ್‌ನ ಹಿಂಬದಿಯೂ ಅದರ ಸ್ವಂತ ಭುಜವೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. 50 ಮಿ.ಮೀ. ವ್ಯಾಸದ ಭುಜದ ಒಂದು ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಮರದ ಪುಡಿ ಸಿಕ್ಕಿಕೊಂಡರೆ, 250 ಮಿ.ಮೀ. ಬಟ್ಟಲಿನ ಅಂಚಿನಲ್ಲಿ ಅದು 0.25 ಮಿ.ಮೀ. ಓಲಾಟವಾಗಿ ಕಾಣಿಸುತ್ತದೆ. ಅಡಾಪ್ಟರ್ ಬಂದಾಗ ಇಂತಹ ಕೂಡುಮುಖಗಳು ಒಂದರ ಬದಲು ಎರಡಾಗುತ್ತವೆ.

ಓಲಾಟ ಎಲ್ಲ ಕೆಲಸಕ್ಕೂ ಸಮನಾಗಿ ಅಡ್ಡಿಯಲ್ಲ. ಚಕ್‌ನಲ್ಲಿ ಒಮ್ಮೆ ಹಿಡಿದ ಮರವನ್ನು ಬಿಚ್ಚದೆ ಕೊನೆಯವರೆಗೆ ಕಡೆದರೆ ಅದು ದುಂಡಾಗಿಯೇ ಬರುತ್ತದೆ. ಅರ್ಧ ಕಡೆದ ಬಟ್ಟಲನ್ನು ಬಿಚ್ಚಿ, ತಿರುವಿ, ಮತ್ತೆ ಹಿಡಿಯುವಾಗ ಮಾತ್ರ ದೋಷ ಹೊರಬೀಳುತ್ತದೆ. ಉತ್ತಮ ಅಡಾಪ್ಟರ್ ಬೇಕೆನ್ನುವವರು ಒಳಥ್ರೆಡ್ ಮೊದಲು ಹಾಕಿಸಿ, ಅದೇ ಅಳತೆಯ ನಿಖರ ಥ್ರೆಡ್ ಮೇಲೆ ಅದನ್ನು ಕೂರಿಸಿ, ಹೊರಥ್ರೆಡ್ಡನ್ನೂ ಭುಜವನ್ನೂ ಒಂದೇ ಹಿಡಿತದಲ್ಲಿ ಮುಗಿಸಲು ಹೇಳಬೇಕು. ಡಯಲ್ ಇಂಡಿಕೇಟರ್‌ನ ಸೂಜಿಯನ್ನು ಭುಜಕ್ಕೆ ತಾಗಿಸಿ ಸ್ಪಿಂಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಅದರ ಗುಣ ತಿಳಿದುಬಿಡುತ್ತದೆ.

ಸುರಕ್ಷತೆ

ಸಾಮಾನ್ಯ ದಿಕ್ಕಿನಲ್ಲಿ ಲೇತ್ ತಿರುಗುವಾಗ ಉಳಿಯ ಒತ್ತಡ ಚಕ್ಕನ್ನು ಬಿಗಿಗೊಳಿಸುತ್ತಲೇ ಇರುತ್ತದೆ. ಮರಳು ಕಾಗದ ಉಜ್ಜಲು ಹಿಮ್ಮುಖವಾಗಿ ತಿರುಗಿಸಿದಾಗ ಅದೇ ಬಲ ಸಡಿಲಿಸುತ್ತದೆ. ವಿದ್ಯುತ್ ಬ್ರೇಕ್ ಇರುವ ಯಂತ್ರ ಥಟ್ಟನೆ ನಿಂತಾಗಲೂ ಭಾರವಾದ ಚಕ್ ತನ್ನ ವೇಗದಲ್ಲೇ ಮುಂದುವರಿದು ಬಿಚ್ಚಿಕೊಳ್ಳಬಹುದು. ನಿಮಿಷಕ್ಕೆ 1000 ಸುತ್ತಿನಲ್ಲಿ 200 ಮಿ.ಮೀ. ಬಟ್ಟಲಿನ ಅಂಚು ಸೆಕೆಂಡಿಗೆ ಹತ್ತು ಮೀಟರಿಗೂ ಮೀರಿ ಚಲಿಸುತ್ತಿರುತ್ತದೆ. ಇದಕ್ಕಾಗಿ ಅನೇಕ ಚಕ್‌ಗಳಲ್ಲಿ ಸಣ್ಣ ಗ್ರಬ್ ಸ್ಕ್ರೂ ಇರುತ್ತದೆ. ಅಡಾಪ್ಟರ್ ಬಳಸುವಾಗ ಚಕ್ಕನ್ನು ಅಡಾಪ್ಟರ್‌ಗೆ ಬಂಧಿಸಿದರೆ ಸಾಲದು, ಅಡಾಪ್ಟರನ್ನು ಸ್ಪಿಂಡಲ್‌ಗೂ ಬಂಧಿಸಬೇಕು; ಈ ಎರಡನೆಯ ಸ್ಕ್ರೂ ಇಲ್ಲದ ಅಡಾಪ್ಟರ್‌ನೊಂದಿಗೆ ಹಿಮ್ಮುಖ ಚಾಲನೆ ಕೂಡದು.

ಇದಕ್ಕೆ ವಿರುದ್ಧವಾದ ತೊಂದರೆ, ಚಕ್ ಬಿಚ್ಚುವಾಗ ಅಡಾಪ್ಟರ್ ಅದರೊಳಗೇ ಕಚ್ಚಿಕೊಂಡು ಬರುವುದು. ಕೂಡಿಸುವ ಮುನ್ನ ಥ್ರೆಡ್ ಮತ್ತು ಭುಜವನ್ನು ಬ್ರಷ್‌ನಿಂದ ಒರೆಸಿ, ತೆಳುವಾದ ಪ್ಲಾಸ್ಟಿಕ್ ವಾಷರ್ ಇಟ್ಟರೆ ಅದು ಸುಲಭವಾಗಿ ಬಿಡುತ್ತದೆ. ಹಲವು ಚಕ್‌ಗಳಿರುವವರು ಪ್ರತಿಯೊಂದಕ್ಕೂ ಒಂದೊಂದು ಅಡಾಪ್ಟರ್ ಕೂಡಿಸಿ ಹಾಗೆಯೇ ಬಿಟ್ಟಿರುವುದೂ ರೂಢಿಯಲ್ಲಿದೆ.