ಯೆರವಡ, ಧಾರವಾಡ, ಕಿಲ್ಪಾಕ್

ವಿಮಾನ ನಗರದಿಂದ ನಗರ್ ರೋಡ್ ಹಿಡಿದು ಪೇಟೆ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಯೆರವಡ. ಗಾಂಧೀಜಿಯನ್ನು ಇಟ್ಟಿದ್ದ ಜೈಲು ಅಲ್ಲೇ, ದೊಡ್ಡ ಮಾನಸಿಕ ಆಸ್ಪತ್ರೆಯೂ ಅಲ್ಲೇ. ನಾನು ಪುಣೆಗೆ ಬಂದ ಹೊಸದರಲ್ಲಿ ಆಟೊದವನೊಬ್ಬ ಅಡ್ಡ ಬಂದ ಸ್ಕೂಟರಿನವನನ್ನು ಬೈಯುತ್ತಾ, ‘ಇವನನ್ನ ಯೆರವಡಕ್ಕೆ ಕಳಿಸಬೇಕು’ ಅಂದ. ನಕ್ಕುಬಿಟ್ಟೆ. ನಮ್ಮ ಹುಬ್ಬಳ್ಳಿ ಕಡೆ ಇದೇ ಮಾತು, ‘ಇಂವನ್ನ ಧಾರವಾಡಕ್ಕ ಕಳಸ್ರಿ’ ಅಂತ. ಮದ್ರಾಸಿನವರು ಕಿಲ್ಪಾಕ್ ಅಂತಾರೆ. ಊರು ಬಿಟ್ಟು ಬಂದವರು ಭಾಷೆ ಕಲಿಯಬೇಕು, ಈ ಜೋಕನ್ನು ಮಾತ್ರ ಹೊಸದಾಗಿ ಕಲಿಯಬೇಕಾಗಿಲ್ಲ!

ಆ ಕಿಲ್ಪಾಕ್ ಆಸ್ಪತ್ರೆಯನ್ನು ಬಹಳ ವರ್ಷ ನಡೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹೆಣ್ಣುಮಗಳು ಅನ್ನೋದು ನನಗೆ ತಡವಾಗಿ ಗೊತ್ತಾಯ್ತು. ಡಾ. ಶಾರದಾ ಮೆನನ್, ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದೇ ಹೆಸರಾದವರು. ಹುಟ್ಟಿದ್ದು 1923ರ ಏಪ್ರಿಲ್ 5ರಂದು, ಮಲಯಾಳಿ ಮನೆತನದಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ನ್ಯಾಯಾಧೀಶರಾಗಿದ್ದ ತಂದೆಗೆ ವರ್ಗವಾಗಿ ಮನೆಮಂದಿ ಮದ್ರಾಸಿಗೆ ಹೋದರು. ಶಾರದಾ 1951ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದು ಮುಗಿಸಿದರು. ಮನೋವೈದ್ಯ ಕಲಿಯಲು ಮಾತ್ರ ಬೆಂಗಳೂರಿಗೇ ಬಂದರು. 1954ರಲ್ಲಿ ಶುರುವಾಗಿ, ಮುಂದೆ ನಿಮ್ಹಾನ್ಸ್ ಆಯಿತಲ್ಲ, ಆ ಸಂಸ್ಥೆಗೆ.

1959ರಲ್ಲಿ ಕಿಲ್ಪಾಕ್ ಸೇರಿದರು. 1961ಕ್ಕೆ ಅದರ ಮೊದಲ ಮಹಿಳಾ ಮುಖ್ಯಸ್ಥೆ, 1978ರಲ್ಲಿ ನಿವೃತ್ತರಾಗುವ ತನಕ. ಅಲ್ಲಿಯವರೆಗೆ ಚಿಕಿತ್ಸೆ ಅಂದರೆ ಹೆಚ್ಚುಕಡಿಮೆ ಕೂಡಿಹಾಕುವುದೇ. ಮನೋರೋಗಕ್ಕೆ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದೇ 1952ರಲ್ಲಿ. ಮಾತ್ರೆ ಬಂತು, ಕೆಲವರಿಗೆ ಗುಣವೂ ಕಂಡಿತು. ಆದರೆ ಗುಣವಾದವರು ಹೋಗಬೇಕಾದ್ದೆಲ್ಲಿಗೆ? ಎಷ್ಟೋ ಮನೆಯವರು ಬಿಟ್ಟುಹೋದವರು ತಿರುಗಿ ಬರುತ್ತಿರಲಿಲ್ಲ. ಶಾರದಾ ಹೊರರೋಗಿ ವಿಭಾಗ ತೆರೆದರು. ದಿನಾ ಬಂದು ಔಷಧ ಒಯ್ಯುವ ಹಾಗಿದ್ದರೆ ಮನೆಯವರು ಕೈಬಿಡುವ ಮಾತೇ ಕಡಿಮೆಯಾಗುತ್ತದಲ್ಲ! ಸೇವಾಸಂಸ್ಥೆಗಳನ್ನೂ ಆಸ್ಪತ್ರೆಯೊಳಗೆ ಕರೆತಂದರು. ನನಗಂತೂ ಅವರ ಡಿಗ್ರಿಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ನಿವೃತ್ತಿಯಾದರೂ ಸುಮ್ಮನೆ ಕೂರಲಿಲ್ಲ. 1984ರಲ್ಲಿ ಸ್ಕಿಜೋಫ್ರೀನಿಯಾ ಇರುವವರಿಗಾಗಿ ‘ಸ್ಕಾರ್ಫ್’ ಸಂಸ್ಥೆ ಕಟ್ಟಿದರು. ರೋಗಿಗೆ ಕೆಲಸ ಕಲಿಸುವುದು, ಮನೆಯವರಿಗೆ ರೋಗ ಏನೆಂದು ತಿಳಿಸಿ ಹೇಳುವುದು. 1992ರಲ್ಲಿ ಪದ್ಮಭೂಷಣ ಬಂತು. 2021ರ ಡಿಸೆಂಬರ್ 5ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಓದುವಾಗ ನನಗೆ ನೆನಪಾದವರು ನಮ್ಮ ದೊಡ್ಡವ್ವ. ಹಿತ್ತಿಲ ಕೋಣೆಯಲ್ಲಿ ಇರುತ್ತಿದ್ದರು. ಬೀಗರು ಬಂದರೆ ಹೊರಗಿನಿಂದ ಚಿಲಕ. ಯಾರಾದರೂ ಆಸ್ಪತ್ರೆಯ ಮಾತೆತ್ತಿದರೆ ಅಜ್ಜಿ, ‘ಧಾರವಾಡಕ್ಕ ಕಳಸಿದ್ರ ಮಂದಿ ಏನಂದಾರು? ನಿಮ್ಮ ಲಗ್ನ ಹೆಂಗ ಆಗ್ಬೇಕು?’ ಅಂತಿದ್ದಳು. ಹುಬ್ಬಳ್ಳಿಯಿಂದ ಧಾರವಾಡ 20 ಕಿಲೋಮೀಟರು. ಬಸ್ಸಿಗೇನೂ ಬರ ಇರಲಿಲ್ಲ.